ಗೆರೆಯ ಹೊರಗಿಂದ ಕೂಗಿದವನು ನಾನು

ಎರಡು ನಿಮಿಷ ಮಾತಾಡ್ರಿ ಅಂತ ಮೈಕ್ ಕೊಟ್ಟರು. ಎದ್ದು ನಿಂತು ಗಂಟಲು ಸರಿ ಮಾಡಿಕೊಳ್ಳುವುದರಲ್ಲೇ ಒಂದು ನಿಮಿಷ ಹೋಯಿತು. ಇನ್ನೊಂದು ನಿಮಿಷದಲ್ಲಿ ವೇದಿಕೆ ಮೇಲಿನವರಿಗೆಲ್ಲ ನಮಸ್ಕಾರ ಹೇಳಿ, ಮುಖ್ಯ ಮಾತಿಗೆ ಬಂದೆ ಅನ್ನುವಾಗ ನಿರೂಪಣೆ ಮಾಡುತ್ತಿದ್ದ ಹೆಣ್ಣುಮಗಳು "ಹಿರಿಯರಿಗೆ ಧನ್ಯವಾದಗಳು" ಅಂತ ಮೈಕ್ ತಗೊಂಡೇ ಬಿಟ್ಟಳು. ಶಾಲು ಹೊದಿಸಿದರು, ಫೋಟೋ ಹೊಡೆದರು. ನಾನು ಹೇಳಬೇಕಾಗಿದ್ದ ಮಾತು ಬಾಯಲ್ಲೇ ಉಳಿಯಿತು.

ಅದು ಕೊಪ್ಪಳದಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ಆಟದ ತರಬೇತುದಾರರಿಗೆ ನಡೆದ ಶಿಬಿರ. ಸೋತಾಗ, ಬೇಸತ್ತಾಗ ಆಟಗಾರರ ಮನಸ್ಸನ್ನು ಗಟ್ಟಿಯಾಗಿ ಇಡುವುದು ಹೇಗೆ ಅನ್ನುವುದು ವಿಷಯ. ನನಗಿಂತ ಮುಂಚೆ ಒಬ್ಬರು ಪರದೆಯ ಮೇಲೆ ಚಿತ್ರ ಬಿಡುತ್ತ ಒಂದೂವರೆ ತಾಸು ಮಾತಾಡಿದ್ದರು. ಮಣ್ಣು ತಾಗದ ಬಿಳಿ ಬೂಟು. "ಸೋಲು ಅನ್ನುವುದೇ ಇಲ್ಲ, ಇರುವುದು ಕಲಿಕೆ ಮಾತ್ರ" ಅಂದರು. ಚಪ್ಪಾಳೆ ಬಿತ್ತು. ನನಗೆ ಮೈ ಉರಿಯಿತು. ಸೋಲು ಇಲ್ಲ ಅಂತ ಹೇಳುವವರು ಸೋತ ಹುಡುಗಿ ಇರುವ ಬಸ್ಸಿನಲ್ಲಿ ಕೂತು ಒಮ್ಮೆಯಾದರೂ ಊರಿಗೆ ವಾಪಸ್ ಬಂದಿರಬೇಕು. ಆಕೆ ಕಿಟಕಿ ಕಡೆ ಮುಖ ಮಾಡಿ ಕೂತಿರುತ್ತಾಳೆ. ಹಂಗೆ ಮೂರು ತಾಸು ಕೂತು ಬಂದವನು ಬೇಕಾದರೆ ಮಾತಾಡಲಿ.

ನಾನು ಹೇಳಬೇಕು ಅಂದುಕೊಂಡದ್ದು ಒಬ್ಬ ಹುಡುಗಿಯ ವಿಷಯ. ತಾವರಗೇರಾ ಕಡೆಯ ದ್ಯಾಮವ್ವ, ಖೋ ಖೋ ಆಟಗಾರ್ತಿ. ಆಕೆಯ ಹೆಸರಿನ ಮುಂದೆ ಒಂದು ತಪ್ಪು ಬರೆದಿಟ್ಟಾರೆ. ಅದು ಆಕೆಯ ತಪ್ಪಲ್ಲ. ಯಾರದು ಅನ್ನುವುದನ್ನು ಅದನ್ನು ಬರೆದ ಕ್ರೀಡಾ ಇಲಾಖೆಯವರ ಎದುರಿಗೇ, ಮೈಕಿನಲ್ಲಿ ಹೇಳಬೇಕಿತ್ತು. ಆಗಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ನಾನು ಓದಿದ್ದು ಆರನೆತ್ತ, ಆರನೇ ತರಗತಿ ತನಕ. ಅಕ್ಷರ ದಪ್ಪ ಇರುತ್ತವೆ, ಓದುವವರು ತಡಕೊಳ್ಳಬೇಕು.

ಸಾಲಿ ಬಿಟ್ಟು ಅಪ್ಪನ ಜೊತೆ ಮುನಿರಾಬಾದಿನ ಕಡೆ ಕಾಲುವೆ ದುರಸ್ತಿಗೆ ಹೋಗುತ್ತಿದ್ದವನು ನಾನು. ಸಂಜೆ ಕಾಲನಿಯ ಹುಡುಗರ ಜೊತೆ ಖೋ ಖೋ ಆಡುತ್ತಿದ್ದೆ, ಛಲೋ ಆಡುತ್ತಿದ್ದೆ. ತೊಂಬತ್ತೇಳರಲ್ಲಿ ಕೊಪ್ಪಳ ಬೇರೆ ಜಿಲ್ಲೆ ಆಯಿತು. ಕಚೇರಿಗಳಿಗೆ ಕುರ್ಚಿ ಇರಲಿಲ್ಲ, ಮೈದಾನಕ್ಕೆ ಆಳು ಇರಲಿಲ್ಲ. ದಿನಗೂಲಿ ಮೇಲೆ ಮೈದಾನದ ಕೆಲಸಕ್ಕೆ ತಗೊಂಡರು. ನೀರು ಹೊಡೆಯುವುದು, ಕಲ್ಲು ಆರಿಸುವುದು, ಸುಣ್ಣದ ಗೆರೆ ಎಳೆಯುವುದು, ರೋಲರ್ ಎಳೆಯುವುದು. ಕಾಗದದಲ್ಲಿ ಕಡೇತನಕ ನಾನು ಮೈದಾನದ ಜವಾನನೇ. ಆಟ ಕಲಿಸಬೇಕಾದವರು ಮೀಟಿಂಗಿಗೆ ಹೋಗುತ್ತಿದ್ದರು, ಮಕ್ಕಳು ಗೇಟಿನಲ್ಲಿ ನಿಂತಿರುತ್ತಿದ್ದವು. ಹಾಗಾಗಿ ಕಲಿಸಿದವನು ನಾನು. ಮಕ್ಕಳು ಸರ್ ಅಂದರೆ ಒಬ್ಬ ಸಾಹೇಬರಿಗೆ ಹೊಟ್ಟೆ ಉರಿಯುತ್ತಿತ್ತು. "ಏ, ಜವಾನಗ ಯಾಕ ಸರ್ ಅಂತೀರಿ? ಹನಮಪ್ಪ ಅನ್ರಿ" ಅಂತ ನನ್ನೆದುರಿಗೇ ಗದರಿಸುತ್ತಿದ್ದರು. ಮಕ್ಕಳು "ಆತ್ರಿ" ಅಂದು, ಸಾಹೇಬರು ಜೀಪು ಹತ್ತಿದ ಮೇಲೆ ಮತ್ತೆ "ಹನಮಪ್ಪ ಸರ್" ಅನ್ನುತ್ತಿದ್ದವು. ಆ ಎರಡಕ್ಷರದ ಮೇಲೆ ನಾನು ಇಷ್ಟು ವರ್ಷ ದುಡಿದೆ. ಸುಳ್ಳು ಯಾಕೆ ಹೇಳಲಿ.

ಆ ಕಾಲದಲ್ಲಿ ಮನಸ್ಸಿಗೆ ಇದ್ದ ಔಷಧಿ ಎರಡೇ. ಒಂದು ಕಪಾಳಕ್ಕೆ ಏಟು, ಇನ್ನೊಂದು ರೋಲರ್. ಏಟು ನನಗೆ ಸೇರುತ್ತಿರಲಿಲ್ಲ. ರೋಲರನ್ನು ಮಾತ್ರ ನಾನೂ ನಂಬಿದ್ದೆ. ನನಗೆ ಆಟ ಕಲಿಸಿದ ಪಿ.ಟಿ. ಮಾಸ್ತರರು ಹಾಕಿಕೊಟ್ಟ ಪದ್ಧತಿ ಅದು. ಪಂದ್ಯ ಸೋತು ಬಂದರೆ ಮರುದಿನ ಬೆಳಿಗ್ಗೆ ಸೋತ ತಂಡ ಮೈದಾನದ ಕಲ್ಲಿನ ರೋಲರ್ ಎಳೆಯಬೇಕು. ಎಳೆದು ಎಳೆದು ಸೋಲಿನ ನಾಚಿಕೆ ಬೆವರಾಗಿ ಹೋಗುತ್ತದೆ, ಛಲ ಹುಟ್ಟುತ್ತದೆ ಅನ್ನುತ್ತಿದ್ದರು ಅವರು. ಮೈದಾನವೂ ಸಪಾಟಾಗುತ್ತಿತ್ತು, ನನ್ನ ಕೆಲಸವೂ ಹಗುರಾಗುತ್ತಿತ್ತು. ಇದರಲ್ಲಿ ಏನು ತಪ್ಪು ಅಂತ ನಾನು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಗಂಗಾವತಿಗೆ ವರ್ಗ ಮಾಡಿ ಹಾಕಿದಾಗ ಅಲ್ಲಿ ಶ್ರೀನು ಅಂತ ಒಬ್ಬ ಹುಡುಗ ಇದ್ದ. ಕಾಲುವೆ ಕ್ಯಾಂಪಿನವನು, ಅರ್ಧ ತೆಲುಗು, ಅರ್ಧ ಕನ್ನಡ. ಅಭ್ಯಾಸದಲ್ಲಿ ಗಾಳಿ ಹಂಗೆ ಓಡುತ್ತಿದ್ದ. ಪಂದ್ಯ ಬಂತು ಅಂದರೆ ಕಂಪೌಂಡಿನ ಹಿಂದೆ ಹೋಗಿ ವಾಂತಿ. ಉಳಿದ ಹುಡುಗರು ಅವನಿಗೆ "ಬಸುರಿ" ಅಂತ ಹೆಸರಿಟ್ಟಿದ್ದರು. ಸಾಹೇಬರು ಬಂದು "ಗಂಡಸಾಗಲೇ" ಅಂತ ಬೆನ್ನಿಗೆ ಗುದ್ದಿದರು. ಗುದ್ದಿದ ಮೇಲೆ ಎರಡು ಸಲ ವಾಂತಿ ಮಾಡಿಕೊಂಡ.

ಒಂದು ಸಲ ಪಂದ್ಯದ ದಿನ ನನ್ನ ಕೈ ಬೆರಳಿಗೆ ಪೆಟ್ಟಾಗಿತ್ತು. ಗೆರೆ ಹಾಕುವವರು ಯಾರೂ ಇರಲಿಲ್ಲ. "ಶ್ರೀನೂ, ಸುಣ್ಣದ ಡಬ್ಬಿ ಹಿಡಿ" ಅಂದೆ. ಅವನು ಹಗ್ಗ ಹಿಡಿದು, ಕುಂತು ಎದ್ದು, ಎಂಟೂ ಚೌಕಗಳ ಗೆರೆ ಹಾಕಿದ. ಮುಗಿಸುವಷ್ಟರಲ್ಲಿ ಸೀಟಿ ಊದಿದರು. ಕೈ ತೊಳೆದುಕೊಂಡು ಹೋಗಿ ಆಡಿದ. ಅವತ್ತು ವಾಂತಿ ಇಲ್ಲ.

"ಏನಾತಲೇ ಇವತ್ತು?" ಅಂತ ಕೇಳಿದೆ.

"ಗೆರೆ ಸೊಟ್ಟ ಹೋಗತೈತೇನೋ ಅಂತ ಅದ ಚಿಂತಿ ಇತ್ತು ಸರ್. ವಾಂತಿ ಮರ್ತೇ ಹೋತು" ಅಂದ.

ಅವತ್ತಿನಿಂದ ಪ್ರತಿ ಪಂದ್ಯಕ್ಕೂ ಗೆರೆ ಅವನದೇ. ಬೇರೆ ಊರಿಗೆ ಹೋದರೆ ಅಲ್ಲಿ ಆಗಲೇ ಗೆರೆ ಹಾಕಿರುತ್ತಿದ್ದರು. ಆಗ ಕಂಬದ ಸುತ್ತ ಕಲ್ಲು ಆರಿಸುತ್ತಿದ್ದ. ಇದಕ್ಕೆ ಈಗ ಏನೋ ದೊಡ್ಡ ಹೆಸರು ಇದೆಯಂತೆ, ಆ ಶಿಬಿರದ ಪರದೆ ಮೇಲೆ ತೋರಿಸಿದರು. ಇರಲಿ. ನನಗೆ ಅದು ತಿಳಿದದ್ದು ಬೆರಳು ನೋಯುತ್ತಿದ್ದುದರಿಂದ. ಆದರೆ ಇಷ್ಟೆಲ್ಲ ಕಂಡ ಮೇಲೂ ರೋಲರ್ ವಿಷಯದಲ್ಲಿ ನನಗೆ ಬುದ್ಧಿ ಬರಲಿಲ್ಲ. ಅದೇ ಸಿಟ್ಟು ನನಗೆ ನನ್ನ ಮೇಲೆ.

ಆಮೇಲೆ ಕುಷ್ಟಗಿಗೆ ಹಾಕಿದರು, ಅಲ್ಲಿ ದ್ಯಾಮವ್ವ ಸಿಕ್ಕಳು. ತಾವರಗೇರಾದಿಂದ ಇನ್ನೂ ಒಳಗೆ ಇರುವ ಹಳ್ಳಿಯವಳು. ಶೇಂಗಾ ಹೊಲದಲ್ಲಿ ಕೆಲಸ ಮಾಡಿ ಬೆಳೆದ ಕಾಲು. ಸಾಲಿ ಮುಗಿಸಿ ಮೈದಾನಕ್ಕೆ ಬಂದು, ಸಂಜೆ ಕಡೇ ಬಸ್ಸಿಗೆ ಹೋಗುತ್ತಿದ್ದಳು. ಖೋ ಖೋ ಗೊತ್ತಿಲ್ಲದವರಿಗೆ ಒಂದು ಮಾತು: ಎರಡು ಕಂಬಗಳ ನಡುವೆ ಸಾಲಾಗಿ ಕುಂತ ಒಂದು ತಂಡ ಒಬ್ಬೊಬ್ಬರೇ ಎದ್ದು ಅಟ್ಟಿಸುತ್ತದೆ, ಇನ್ನೊಂದು ತಂಡದವರು ಮೂರು ಮೂರು ಮಂದಿ ಒಳಗೆ ಬಂದು ಮುಟ್ಟಿಸಿಕೊಳ್ಳದೆ ಓಡಬೇಕು. ಆ ಓಟದಲ್ಲಿ ದ್ಯಾಮವ್ವನನ್ನು ಮುಟ್ಟುವವರು ನಾಲ್ಕು ತಾಲೂಕಿನಲ್ಲಿ ಇರಲಿಲ್ಲ. ಕಂಬದ ಹತ್ತಿರ ಬಂದಳು ಅಂದರೆ ಅಟ್ಟಿಸುವವರಿಗೆ ಆಕೆಯ ಜಡೆಯ ಗಾಳಿಯಷ್ಟೇ ಸಿಗುತ್ತಿತ್ತು.

ನಾನು ಆ ಹುಡುಗಿಯರಿಗೆ ಒಂದು ಕಾಯಿದೆ ಮಾಡಿದ್ದೆ. ಆಟ ನಡೆದಾಗ ಗೆರೆಯ ಹೊರಗಿಂದ ಯಾರೂ ಬಾಯಿ ಬಿಡಬಾರದು. ತಾಯಿ ಬಂದರೂ, ತಹಶೀಲ್ದಾರ್ ಬಂದರೂ ಅಷ್ಟೇ. ಹೊರಗಿನ ಕೂಗು ಓಡುವವಳ ಕಿವಿ ಹಿಡಿದು ಎಳೆಯುತ್ತದೆ, ಕಾಲು ತಪ್ಪುತ್ತದೆ. ಬಹಳ ಹೆಮ್ಮೆಯ ಕಾಯಿದೆ ಅದು ನನ್ನದು.

ವಿಭಾಗ ಮಟ್ಟದ ಕಡೇ ಪಂದ್ಯ. ಅದನ್ನು ಗೆದ್ದರೆ ಮುಂದೆ ರಾಜ್ಯ ಮಟ್ಟ, ಅಲ್ಲಿ ಸಿಗುವ ಸರ್ಟಿಫಿಕೇಟಿಗೆ ಮುಂದೆ ನೌಕರಿ. ಇದು ಬರೀ ಬಹುಮಾನದ ಕಪ್ಪಿನ ಮಾತಲ್ಲ, ಹಳ್ಳಿಯ ಹುಡುಗಿಯ ಬಾಳಿನ ಮಾತು. ನಮ್ಮ ಓಟದ ಸರದಿ, ಒಳಗೆ ಉಳಿದವಳು ದ್ಯಾಮವ್ವ ಒಬ್ಬಳೇ. ಇನ್ನು ಅರ್ಧ ನಿಮಿಷ ಸಿಗದಿದ್ದರೆ ಸಾಕು, ಗೆಲುವು ನಮ್ಮದು. ಆಕೆ ಕಂಬ ಬಳಸಿ ತಿರುಗುತ್ತಿದ್ದಳು, ಮುಖದಲ್ಲಿ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ನನಗೆ. ಎದುರಾಳಿಯ ಒಬ್ಬಳು ಹಿಂದಿನಿಂದ ಎದ್ದದ್ದು ನೋಡಿ ನನ್ನ ಬಾಯಿ ನನ್ನ ಹಿಡಿತದಲ್ಲಿ ಉಳಿಯಲಿಲ್ಲ.

"ದ್ಯಾಮೀ, ಹಿಂದ!"

ಆಕೆ ತಿರುಗಿ ನೋಡಿದಳು. ಎದುರಾಳಿಯನ್ನಲ್ಲ, ನನ್ನನ್ನು. ಅಷ್ಟರಲ್ಲಿ ಬೆನ್ನಿಗೆ ಕೈ ಬಿತ್ತು. ಪಂದ್ಯ ಹೋಯಿತು.

ಮೈದಾನದಲ್ಲಿ ಅಷ್ಟು ಗದ್ದಲ, ನನ್ನ ದನಿ ಯಾರಿಗೂ ಕೇಳಿರಲಿಕ್ಕಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಬಸ್ಸಿನಲ್ಲಿ ಉಳಿದ ಹುಡುಗಿಯರು ಬುಸುಗುಟ್ಟಿದರು. "ಅರ್ಧ ನಿಮಿಷ ಓಡಾಕ ಆಗಲಿಲ್ಲೇನ ಆಕಿಗೆ? ಯಾರನ್ನ ನೋಡಾಕ ತಿರುಗಿದ್ಳು?" ಅಂದಳು ಒಬ್ಬಳು. ನಾನು ಮುಂದಿನ ಸೀಟಿನಲ್ಲಿ ಕೂತು ಕೇಳಿಸಿಕೊಂಡೆ, ಸುಮ್ಮನಿದ್ದೆ. ಜೊತೆಗೆ ಬಂದಿದ್ದ ಇಲಾಖೆಯ ಸಾಹೇಬರು ವರದಿಯಲ್ಲಿ ಆಕೆಯ ಹೆಸರಿನ ಮುಂದೆ ಬರೆದರು: ಒತ್ತಡ ತಡೆಯುವ ಮನಸ್ಥೈರ್ಯ ಇಲ್ಲ. ಬರೆಯುವಾಗ "ಏನಂತಿ ಹನಮಪ್ಪ?" ಅಂದರು. ನಾನು ತಲೆ ಆಡಿಸಿದೆ. ಹೌದು ಅಂತಲೋ ಅಲ್ಲ ಅಂತಲೋ ಅವರೇ ತಿಳಿದುಕೊಳ್ಳಲಿ ಅನ್ನುವ ಹಾಗೆ ಆಡಿಸಿದೆ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಮಾಡಿದ ಅತಿ ಹಲಕಾ ಕೆಲಸ ಅದು.

ಮರುದಿನ ಬೆಳಿಗ್ಗೆ ರೋಲರ್. ಪದ್ಧತಿಯ ಪ್ರಕಾರ ಇಡೀ ತಂಡ ಎಳೆಯಬೇಕು. "ಸೋಲಿಸಿದಾಕಿ ಎಳೀಲಿ, ನಾವ್ಯಾಕ?" ಅಂದರು ಹುಡುಗಿಯರು. ನಾನೂ ಒಪ್ಪಿ "ಬರೋಬ್ಬರಿ" ಅಂದೆ. ಆ ಮೈದಾನದ ಗೋಡೆ ಕುಸಿದ ಕಡೆ ರಸ್ತೆ, ರಸ್ತೆಯಲ್ಲಿ ಬಸ್ ಕಾಯುವ ಮಂದಿ. ಅವರೆಲ್ಲರ ಕಣ್ಣೆದುರಿಗೆ ದ್ಯಾಮವ್ವ ಒಬ್ಬಳೇ ಆ ಕಲ್ಲು ಎಳೆದಳು. ಈ ಕಡೆಯ ಕಂಬದಿಂದ ಆ ಕಡೆಯ ಕಂಬಕ್ಕೆ, ಆ ಕಡೆಯಿಂದ ಈ ಕಡೆಗೆ. ಬಸ್ ಕಾಯುವವನೊಬ್ಬ "ಏನಬೇ ತಂಗಿ, ಎತ್ತು ತೀರಿಕೊಂಡಾವೇನು ನಿಮ್ಮ ಊರಾಗ?" ಅಂತ ನಕ್ಕ. ಆಕೆ ನಗಲಿಲ್ಲ, ಅಳಲಿಲ್ಲ. ಹಿಡಿಕೆ ಕೆಳಗಿಟ್ಟು, ಅಂಗೈ ಲಂಗಕ್ಕೆ ಒರೆಸಿ, "ಮುಗೀತ್ರಿ ಸರ್" ಅಂದಳು.

ಹುಡುಗಿ ಗಟ್ಟಿ ಇದ್ದಾಳೆ, ಇನ್ನು ಛಲ ಹುಟ್ಟುತ್ತದೆ ಅಂದುಕೊಂಡೆ ನಾನು.

ಮರುದಿನ ಬರಲಿಲ್ಲ. ಆ ವಾರ ಬರಲಿಲ್ಲ. ಸಾಲಿಗೂ ಬಂದಿಲ್ಲ ಅಂದರು.

ಭಾನುವಾರ ತಾವರಗೇರಾ ಬಸ್ ಹತ್ತಿ, ಇಳಿದು, ಮತ್ತೆ ನಡೆದು ಅವರ ಹಳ್ಳಿಗೆ ಹೋದೆ. ಬುದ್ಧಿ ಹೇಳಿ ಕರೆತರುವುದು ಅಂತ ಹೋಗಿದ್ದೆ. ದಾರಿಯುದ್ದಕ್ಕೂ ಹೇಳುವ ಮಾತು ಜೋಡಿಸಿಕೊಂಡಿದ್ದೆ. ತಾಯಿ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ನೀರು ಕೊಟ್ಟಳು, ಕುಂದ್ರಾಕ ಹೇಳಲಿಲ್ಲ.

"ಆಟದಾಗ ಸೋಲು ಗೆಲುವು ಇರೋದ ಬೇ. ಮಗಳಿಗೆ ಮನಸ್ಸು ಗಟ್ಟಿ ಮಾಡ್ಕೊ ಅಂತ ಹೇಳು" ಅಂದೆ.

ಆಕೆ ಬುಟ್ಟಿ ಸರಿಸಿದಳು. "ಮಾಸ್ತರ, ನಾವು ಕಾಲು ಉಳುಕಿದ ಎತ್ತಿಗೆ ಮರುದಿನ ನೊಗ ಕಟ್ಟಂಗಿಲ್ಲ. ನೀವು ನನ್ನ ಮಗಳಿಗೆ ಕಟ್ಟಿದ್ರಿ. ಮೂಕ ಪ್ರಾಣಿಗೆ ತಿಳಿಯೋ ನೋವು ಓದಿಸೋರಿಗೆ ತಿಳಿಯಂಗಿಲ್ಲೇನ್ರಿ?"

ನಾನು ಓದಿಸುವವನಲ್ಲ ಅಂತ ಹೇಳಬೇಕು ಅನ್ನಿಸಿತು.

ದ್ಯಾಮವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಅಂಗೈಗೆ ಬಟ್ಟೆ ಸುತ್ತಿತ್ತು. "ಸರ್, ಕಲ್ಲು ಎಳಸಿದ್ದಕ್ಕ ನನಗ ಸಿಟ್ಟಿಲ್ರಿ. ಯಾಕ ತಿರುಗಿ ನೋಡಿದಿ ಅಂತ ನೀವು ಒಂದು ಮಾತು ಕೇಳಲಿಲ್ಲಲ್ರಿ, ಅದಕ್ಕ."

"ಯಾಕ ನೋಡಿದಿ?" ಅಂದೆ. ಗೊತ್ತಿದ್ದೂ ಅಂದೆ.

"ನೀವು ಕೂಗಿದ್ರಲ್ರಿ."

ಅಷ್ಟೇ. ದನಿ ಏರಿಸಲಿಲ್ಲ. ಗ್ಲಾಸ್ ಕೆಳಗಿಟ್ಟು ಬಂದೆ. ಜೋಡಿಸಿಕೊಂಡ ಮಾತು ಒಂದೂ ನೆನಪಿರಲಿಲ್ಲ.

ಸೋಮವಾರ ಬೆಳಿಗ್ಗೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಹೇಳಿದೆ: "ಅವತ್ತು ಗೆರೆಯ ಹೊರಗಿಂದ ಕೂಗಿದಾವ ನಾನು. ದ್ಯಾಮವ್ವ ಸೋಲಿಸಿಲ್ಲ, ನಾ ಸೋಲಿಸೀನಿ." ಹೇಳಿ ರೋಲರ್ ಹಿಡಿಕೆ ಹಿಡಿದೆ. ಅದೇ ಹೊತ್ತು, ಅದೇ ರಸ್ತೆ, ಬಸ್ ಕಾಯುವ ಅದೇ ಮಂದಿ. ಒಂದು ವಾರ ಎಳೆದೆ, ಆಮೇಲೂ ಬಿಡಲಿಲ್ಲ. ತಾವರಗೇರಾ ಬಸ್ಸಿನ ಕಂಡಕ್ಟರ್ ದಿನಾ ನೋಡಿಕೊಂಡು ಹೋಗುತ್ತಿದ್ದ. ಸುದ್ದಿ ಅಲ್ಲಿಗೆ ಮುಟ್ಟುತ್ತದೆ ಅಂತ ನನಗೂ ಗೊತ್ತಿತ್ತು.

ಮುಂದಿನ ವಾರ ದ್ಯಾಮವ್ವ ಬಂದಳು. ಗೇಟಿನಲ್ಲಿ ನಿಂತು ನಾನು ಎಳೆಯುವುದನ್ನು ನೋಡಿದಳು. "ಸರ್, ಹಂಗ ಎಳದ್ರ ನಡುವ ಮಣ್ಣಿನ ದಿಂಡು ಉಳೀತೈತ್ರಿ. ಮೊದಲು ಎಳದ ಪಟ್ಟಿ ಮ್ಯಾಲ ಅರ್ಧ ಬರಬೇಕು" ಅಂದಳು.

ನಾನು ಎಳೆದದ್ದು ನೋಡಿ ಬಂದಳು ಅಂತ ಒಳಗೊಳಗೇ ಉಬ್ಬಿದೆ. ಆಕೆಗೆ ಅದು ಮುಖದಲ್ಲಿ ಕಂಡಿರಬೇಕು. "ನಿಮ್ಮ ರೋಲರ್ ನೋಡಿ ಬಂದಿಲ್ರಿ. ನನಗ ಆಟ ಬೇಕಾಗಿತ್ತು, ಬಂದೆ" ಅಂದಳು. ನನಗೆ ಸರಿಯಾಗಿಯೇ ಬಿತ್ತು.

ಬಂದಳು, ಆದರೆ ಕಾಲು ಮೊದಲಿನ ಹಾಗೆ ಏಳುತ್ತಿರಲಿಲ್ಲ. ಕಂಬದ ಹತ್ತಿರ ಬಂದ ಕೂಡಲೇ ಕತ್ತು ತಾನಾಗಿಯೇ ತಿರುಗುತ್ತಿತ್ತು. ಕೆಲವು ದಿನ "ಇವತ್ತು ಮನಸ್ಸಿಲ್ರಿ" ಅನ್ನುತ್ತಿದ್ದಳು. ಮೊದಲಾಗಿದ್ದರೆ ಬೈಯುತ್ತಿದ್ದೆ. ಈಗ ಒಂದು ಮಾತು ಮಾಡಿಕೊಂಡೆವು. ಮನಸ್ಸಿಲ್ಲದ ದಿನವೂ ಬರಬೇಕು, ಬಂದು ಎರಡೂ ಕಂಬ ಮುಟ್ಟಬೇಕು, ಆಮೇಲೆ ಬೇಕಾದರೆ ಮನೆಗೆ ಹೋಗಬಹುದು. ಯಾರೂ ಯಾಕೆ ಅಂತ ಕೇಳಬಾರದು. ಮೊದಲ ವಾರ ಮೂರು ದಿನ ಮುಟ್ಟಿ ಹೋದಳು. ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ. ಎರಡನೇ ವಾರ ಮುಟ್ಟಿದ ಮೇಲೆ ಒಂದು ಸುತ್ತು ಓಡಿದಳು. ಆಮೇಲೆ ಮನೆಗೆ ಹೋಗುವ ದಿನ ಕಡಿಮೆ ಆದವು, ಪೂರ್ತಿ ನಿಲ್ಲಲಿಲ್ಲ. ನಿಲ್ಲಬೇಕು ಅಂತ ನಾನೂ ಹಟ ಹಿಡಿಯಲಿಲ್ಲ. ಕತ್ತು ತಿರುಗುವುದಕ್ಕೆ ಆಕೆಯೇ ಉಪಾಯ ಹುಡುಕಿದಳು. ನನ್ನನ್ನು ಗೆರೆಯ ಹೊರಗೆ ನಿಲ್ಲಿಸಿ "ಕೂಗ್ರಿ ಸರ್, ಬಾಯಿಗೆ ಬಂದಂಗ ಕೂಗ್ರಿ" ಅನ್ನುತ್ತಿದ್ದಳು. ನಾನು "ದ್ಯಾಮೀ, ಹಿಂದ! ದ್ಯಾಮೀ, ಹಾವು! ದ್ಯಾಮೀ, ನಿಮ್ಮವ್ವ ಬಂದ್ಲು!" ಅಂತ ಗಂಟಲು ಹರಿದುಕೊಳ್ಳುತ್ತಿದ್ದೆ. ಹುಡುಗಿಯರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ತಿಂಗಳೊಪ್ಪತ್ತಿಗೆ ಆಕೆಯ ಕತ್ತು ಅಲುಗುವುದು ನಿಂತಿತು.

ಮರುವರ್ಷ ಜಿಲ್ಲಾ ತಂಡದ ಪಟ್ಟಿ ಬಂತು. ಆಕೆಯ ಹೆಸರು ಇಲ್ಲ.

ಕೊಪ್ಪಳಕ್ಕೆ ಹೋಗಿ ಆ ವರದಿ ಬರೆದ ಸಾಹೇಬರ ಮುಂದೆ ನಿಂತೆ. ಅವರು ಹಳೇ ವರದಿ ತೆಗೆದು ತೋರಿಸಿದರು, ಅದೇ ಸಾಲು. "ಆಯ್ಕೆ ಸಮಿತಿ ಇದನ್ನ ನೋಡೈತಿ. ಒತ್ತಡದಾಗ ಕೈ ಬಿಡೋ ಹುಡುಗಿ."

"ಸಾಹೇಬ್ರ, ಅವತ್ತು ಕೂಗಿದಾವ ನಾನ್ರೀ. ಆ ಸಾಲು ಹೊಡೆದು ಹಾಕಿ ನನ್ನ ಹೆಸರು ಬರೀರಿ. ಈಗ ಬಂದು ಆಕಿ ಆಟ ನೋಡ್ರಿ."

ಅವರು ಕನ್ನಡಕದ ಮೇಲಿಂದ ನೋಡಿದರು. "ಆರನೆತ್ತ ಓದಿದಾವ ನೀ. ಮನಸ್ಸಿನ ವಿಷಯ ನನಗ ಕಲಸ್ತಿ? ಒಂದು ಕೂಗಿಗೆ ಅಲುಗಾಡೋ ಮನಸ್ಸು ಅದೆಂಥಾ ಮನಸ್ಸು? ಹೋಗು, ಮೈದಾನಕ್ಕ ನೀರು ಹೊಡಿ ಹೋಗು."

"ಅವತ್ತು ನೀವು ಕೇಳಿದಾಗ ನಾ ಸುಮ್ಮನಿದ್ದದ್ದೂ ಮನಸ್ಥೈರ್ಯ ಇಲ್ಲದ್ದಕ್ಕೇ ರೀ. ಅದನ್ನೂ ಬರೀರಿ" ಅಂದೆ. ಬರೆಯಲಿಲ್ಲ. ತಿಂಗಳೊಳಗೆ ನನ್ನನ್ನು ಯಲಬುರ್ಗಾಕ್ಕೆ ಎತ್ತಿ ಹಾಕಿದರು. ಒಬ್ಬ ಹುಡುಗಿಯ ಬಾಳನ್ನು ಒಂದು ಸಾಲಿನಲ್ಲಿ ಮುಗಿಸಿದ ಪೆನ್ನಿಗೆ ಅದನ್ನು ಹೊಡೆದು ಹಾಕುವಷ್ಟು ಶಾಯಿ ಇರಲಿಲ್ಲ. ಈಗಲೂ ಆ ಕಚೇರಿ ಮುಂದೆ ಹಾದರೆ ನನಗೆ ರಕ್ತ ಕುದಿಯುತ್ತದೆ.

ಯಲಬುರ್ಗಾದಲ್ಲಿ ಕಡೇ ವರ್ಷಗಳು. ಮಣ್ಣಿನ ಮೇಲೆ ಮ್ಯಾಟ್ ಬಂತು. ಸುಣ್ಣದ ಡಬ್ಬಿ ಮೂಲೆಗೆ ಬಿತ್ತು, ರೋಲರ್ ಗೋಡೆಗೆ ಒರಗಿ ಕೂತಿತು. ಹುಡುಗರು ಅಭ್ಯಾಸಕ್ಕೆ ಮುಂಚೆ ಮೊಬೈಲಿನಲ್ಲಿ ಯಾರದೋ ಆವೇಶದ ಭಾಷಣ ಕೇಳುತ್ತಾರೆ, ಕೇಳಿ ಹತ್ತು ನಿಮಿಷ ಉರಿಯುತ್ತಾರೆ, ಸೋತ ದಿನ ಅದೇ ಮೊಬೈಲಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಹೊಸ ತರಬೇತುದಾರರು ಅವರಿಗೆ "ಪಾಸಿಟಿವ್ ಇರ್ರಿ" ಅನ್ನುತ್ತಾರೆ. ನಾವು ಕಲ್ಲು ಎಳೆಸಿದೆವು, ಇವರು ಮಾತು ಎಳೆಸುತ್ತಾರೆ. ಸೋತವರ ಪಕ್ಕ ಕೂತು ಏನಾಯಿತು ಅಂತ ಕೇಳುವವರು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ದ್ಯಾಮವ್ವ ಈಗ ಸರ್ಕಾರಿ ಬಸ್ಸಿನ ಕಂಡಕ್ಟರ್. ಆಟದ ಸರ್ಟಿಫಿಕೇಟಿನ ಮೇಲೆ ಸಿಕ್ಕ ನೌಕರಿಯಲ್ಲ. ಹೊಲದ ಕೆಲಸ ಮಾಡುತ್ತಲೇ ಓದಿ, ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಗಿಟ್ಟಿಸಿಕೊಂಡದ್ದು. ಆ ಶಾಲು ಹೊದ್ದುಕೊಂಡು ಕೊಪ್ಪಳದಿಂದ ವಾಪಸ್ ಬರುವಾಗ ಆಕೆಯ ಬಸ್ಸೇ ಸಿಕ್ಕಿತು. ಸಂತೆಯ ದಿನ, ಕಾಲಿಡಲು ಜಾಗ ಇಲ್ಲ. ಆ ಗದ್ದಲದಲ್ಲಿ ಆಕೆ ಯಾರ ಮೈಗೂ ತಾಗದೆ, ಮೊದಲಿನ ಹಾಗೇ ಸೊಂಟ ತಿರುಗಿಸಿ ನನ್ನ ಹತ್ತಿರ ಬಂದಳು.

"ಏನ್ರಿ ಸರ್, ಶಾಲು? ಲಗ್ನಗಿಗ್ನ ಏನರ ಮಾಡ್ಕೊಂಡ್ರೇನು?"

ನಡೆದದ್ದು ಹೇಳಿದೆ. ನಿನ್ನ ಮಾತು ಹೇಳಬೇಕಿತ್ತು, ಮೈಕ್ ಕಸಿದುಕೊಂಡರು ಅಂದೆ. ಆಕೆ ಟಿಕೆಟ್ ಹರಿದು ಕೊಟ್ಟಳು, ರೊಕ್ಕ ತಗೊಂಡಳು.

"ಆ ಸಾಲು ಇನ್ನೂ ಹಂಗ ಐತೇನ್ರಿ ಅಲ್ಲಿ?" ಅಂದಳು.

ಇಷ್ಟು ವರ್ಷ ಈ ಹುಡುಗಿ ಅದನ್ನು ಮರೆತಿದ್ದಾಳೆ ಅಂದುಕೊಂಡಿದ್ದೆ.

"ಐತಿ" ಅಂದೆ.

"ಹಂಗಾರ ಬರೀರಿ ಸರ್. ಖರೇ ಹೇಳಾಕ ಮೈಕ್ ಯಾಕ ಬೇಕು? ಆದ್ರ ನಿಮ್ಮ ತಪ್ಪು ಅಷ್ಟ ಬರೀಬ್ಯಾಡ್ರಿ. ನಾ ತಿರುಗಿ ಬಂದದ್ದೂ ಬರೀರಿ." ಹಿಂದೆ ಯಾರೋ "ಕಂಡಕ್ಟರ್ ಬಾಯೇರ, ಚಿಲ್ಲರಾ!" ಅಂತ ಕೂಗಿದರು. ಆಕೆ ಅತ್ತ ತಿರುಗಲಿಲ್ಲ. ಮಾತು ಮುಗಿಸಿಯೇ ಹೋದಳು.

ಹೊಸದಾಗಿ ಮೈದಾನಕ್ಕೆ ಬಂದವರೇ, ನಿಮ್ಮ ಹುಡುಗ ಹುಡುಗಿಯರು ಸೋತು ಬಂದ ದಿನ ಅವರ ಮನಸ್ಸು ಗಟ್ಟಿ ಇದೆಯೋ ಇಲ್ಲವೋ ಅಂತ ಅಳೆಯಲು ಹೋಗಬೇಡಿ. ಗೆರೆಯ ಹೊರಗೆ ನೀವು ಎಲ್ಲಿ ನಿಂತಿದ್ದಿರಿ, ಏನು ಕೂಗಿದಿರಿ ಅನ್ನುವುದನ್ನು ಮೊದಲು ಹೇಳಿ. ಹೇಳುವ ಧೈರ್ಯ ನಿಮಗೇ ಇಲ್ಲದಿದ್ದರೆ ಅವರಿಗೆ ಮನಸ್ಥೈರ್ಯದ ಪಾಠ ಮಾಡಬೇಡಿ.

ದ್ಯಾಮವ್ವ, ಬರೆದಿದ್ದೇನೆ. ಕೂಗಿದವನು ನಾನು. ನೀನು ತಿರುಗಿ ನೋಡಿದ್ದು ನನ್ನನ್ನು ನಂಬಿದ್ದಕ್ಕೆ. ತಿರುಗಿ ಬಂದದ್ದು ಮಾತ್ರ ನಿನ್ನ ಬಲದಿಂದ.